ಪುಡಿ ಕೆಟ್ಟಿಲ್ಲ, ನೀರನ್ನು ನೋಡಿ: ಹದ ಕೂಡಿಸುವ, ಹದ ಕೆಡಿಸುವ ಲೋಹದ ಅಯಾನುಗಳು

ಪ್ರಶ್ನೆ: ಪ್ರಾಣಿಮೂಲದ ಜೆಲಟಿನ್ ಬೇಡ ಅಂತ ಮನೆಯಲ್ಲಿ ಗಟ್ಟಿ ಮಾಡಲು, ಹೆಪ್ಪುಗಟ್ಟಿಸಲು ಸಸ್ಯಮೂಲದ ಪುಡಿಗಳನ್ನೇ ಬಳಸುತ್ತೇನೆ. ಮೂರು ಸಲ ವಿಚಿತ್ರ ಅನುಭವವಾಯಿತು. ಸೋಡಿಯಂ ಆಲ್ಜಿನೇಟನ್ನು ನಲ್ಲಿ ನೀರಿಗೆ ಹಾಕಿದರೆ ಗಂಟು ಗಂಟಾಗುತ್ತದೆ, ಆರ್‌ಒ ಫಿಲ್ಟರ್ ನೀರಿನಲ್ಲಿ ನಯವಾಗಿ ಕರಗುತ್ತದೆ. ಸಕ್ಕರೆ ಕಡಿಮೆ ಹಾಕುವ ಜಾಮಿನ ಪೆಕ್ಟಿನ್ ಇದಕ್ಕೆ ಪೂರ್ತಿ ಉಲ್ಟಾ. ನಲ್ಲಿ ನೀರಿನಲ್ಲಿ ಗಟ್ಟಿಯಾಗುತ್ತಿದ್ದದ್ದು ಫಿಲ್ಟರ್ ನೀರಿನಲ್ಲಿ ತೆಳ್ಳಗೇ ಉಳಿಯಿತು. ಮೂರನೆಯದು, ಮಾಮೂಲಿ ಉಪ್ಪಿನ ಬದಲು ಸೋಡಿಯಂ ಕಡಿಮೆ ಇರುವ ಉಪ್ಪು ಹಾಕಿದ ದಿನ, ಕಪ್ಪಾ ಕ್ಯಾರಗೀನನ್ ಬಳಸಿ ಮಾಡಿದ ಸಸ್ಯಜನ್ಯ ಚೀಸ್ ಪೆಡಸಾಗಿ ಸುತ್ತಲೂ ನೀರು ಬಿಟ್ಟಿತು. ನಾನು ತಂದ ಪುಡಿಗಳೇ ಕಳಪೆಯಾ? ಲೋಹದ ಅಯಾನುಗಳು ಕಾರಣ ಅಂತ ಒಬ್ಬರು ಹೇಳಿದರು. ಅಡುಗೆಯಲ್ಲಿ ಲೋಹ ಎಲ್ಲಿಂದ ಬಂತು?

ಉತ್ತರ: ನಿಮ್ಮ ಪುಡಿಗಳು ಚೆನ್ನಾಗಿಯೇ ಇವೆ. ಮೂರೂ ಸಲ ಅವು ಹೇಗೆ ನಡೆದುಕೊಳ್ಳಬೇಕೋ ಹಾಗೇ ನಡೆದುಕೊಂಡಿವೆ. ಬದಲಾಗಿದ್ದು ನೀರು ಮತ್ತು ಉಪ್ಪು. ಹದ ತಪ್ಪಿದಾಗ ನಾವೆಲ್ಲ ಮೊದಲು ಮಾಡುವ ಕೆಲಸ ಪುಡಿಯನ್ನು ಇನ್ನೊಂದು ಚಮಚ ಹೆಚ್ಚಿಸುವುದು. ದಯವಿಟ್ಟು ಅದನ್ನು ಕೊನೆಗೆ ಮಾಡಿ. ಮೊದಲು ನೀರಿನಲ್ಲಿ ಏನಿದೆ ಅಂತ ನೋಡಿ.

ಲೋಹ ಅಂದ ಕೂಡಲೇ ಗಾಬರಿ ಬೇಡ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ಲೋಹಗಳೇ. ನೀರಿನಲ್ಲಿ ಕರಗಿರುವಾಗ ಅವು ಪ್ಲಸ್ ಚಾರ್ಜ್ ಹೊತ್ತ ಸಣ್ಣ ಕಣಗಳಾಗಿ ಓಡಾಡಿಕೊಂಡಿರುತ್ತವೆ. ಅವೇ ಅಯಾನುಗಳು. ಉಪ್ಪಿನಲ್ಲಿ, ಹಾಲಿನಲ್ಲಿ, ಹಣ್ಣಿನ ರಸದಲ್ಲಿ, ಕುಡಿಯುವ ನೀರಿನಲ್ಲಿ, ನಮ್ಮ ರಕ್ತದಲ್ಲಿ ಎಲ್ಲ ಕಡೆ ಇವೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಒಂದೊಂದು ಚಾರ್ಜ್ ಹೊತ್ತಿರುತ್ತವೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡೆರಡು. ಈ ಒಂದು–ಎರಡರ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಕಥೆಯ ಅರ್ಧ ಇಲ್ಲೇ ಇದೆ.

ಈಗ ಪುಡಿಯ ಕಡೆ ಬರೋಣ. ಈ ಪುಡಿಗಳೆಲ್ಲ ಸಕ್ಕರೆಯ ಕಣಗಳು ಸಾಲಾಗಿ ಕೈ ಹಿಡಿದು ನಿಂತ ಉದ್ದುದ್ದ ಸರಗಳು. ಕೆಲವು ಸರಗಳ ಮೈಮೇಲೆ ಯಾವ ಚಾರ್ಜೂ ಇಲ್ಲ. ಜೋಳದ ಪಿಷ್ಟ, ಗೋರಿಕಾಯಿ ಬೀಜದಿಂದ ಬರುವ ಗೌರ್ ಗಮ್ ಈ ಜಾತಿ. ನೀರು ಗಡಸೋ (ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವುದೋ) ಮೆದುವೋ ಇವುಗಳಿಗೆ ಹೆಚ್ಚು ಫರಕು ಬೀಳುವುದಿಲ್ಲ. ಆಲ್ಜಿನೇಟ್, ಪೆಕ್ಟಿನ್, ಕ್ಯಾರಗೀನನ್, ಅಗಸೆ ಬೀಜದ ಲೋಳೆ ಹಾಗಲ್ಲ. ಅವುಗಳ ಸರದುದ್ದಕ್ಕೂ ಮೈನಸ್ ಚಾರ್ಜ್ ಇರುತ್ತದೆ. ಪ್ಲಸ್ ಹೊತ್ತ ಲೋಹದ ಅಯಾನು ಬಂದರೆ ಅವು ತಕ್ಷಣ ಸ್ಪಂದಿಸುತ್ತವೆ.

ಸ್ಪಂದನೆ ಎರಡು ರೀತಿ. ಒಂದು ತೆಳು ಮಾಡುತ್ತದೆ, ಇನ್ನೊಂದು ಗಟ್ಟಿ ಮಾಡುತ್ತದೆ. ಜನ ಗೊಂದಲಕ್ಕೆ ಬೀಳುವುದೇ ಇಲ್ಲಿ.

ತೆಳುವಾಗುವ ಬಗೆ ಸುಲಭ. ಒಂದೇ ಸರದ ಮೇಲಿರುವ ಮೈನಸ್‌ಗಳು ಪರಸ್ಪರ ತಳ್ಳಾಡುತ್ತವೆ. ಅದರಿಂದ ಸರ ಮುದುಡದೆ ಮೈ ಚಾಚಿ ನಿಲ್ಲುತ್ತದೆ. ಮೈ ಚಾಚಿದ ಸರ ಜಾಸ್ತಿ ಜಾಗ ಹಿಡಿಯುತ್ತದೆ, ಹಾಗಾಗಿ ದ್ರವ ಮಂದವಾಗುತ್ತದೆ. ಉಪ್ಪು ಬಿದ್ದರೆ ಸೋಡಿಯಂ ಅಯಾನುಗಳು ಸರದ ಸುತ್ತ ಗುಂಪುಗೂಡಿ ಆ ತಳ್ಳಾಟವನ್ನು ಮರೆಮಾಡುತ್ತವೆ. ಸರ ಮುದುಡಿಕೊಳ್ಳುತ್ತದೆ, ದ್ರವ ತೆಳುವಾಗುತ್ತದೆ. ಅಗಸೆ ಬೀಜ ನೆನೆಸಿ ತೆಗೆದ ದಪ್ಪ ಲೋಳೆಗೆ ಚಿಟಿಕೆ ಉಪ್ಪು ಬೆರೆಸಿ, ಚಮಚದಿಂದ ಎತ್ತಿ ನೋಡಿ. ಮೊದಲು ನೂಲಿನಂತೆ ಇಳಿಯುತ್ತಿದ್ದದ್ದು ಬೇಗ ಬೇಗ ತುಂಡಾಗಿ ಬೀಳುತ್ತದೆ. ಆಲೂಗಡ್ಡೆಯ ಪಿಷ್ಟದಲ್ಲೂ ಇದೇ ಗುಣ ಇದೆ. ಪಿಷ್ಟಕ್ಕೆ ಚಾರ್ಜ್ ಇರುವುದಿಲ್ಲ ಅಂತ ಈಗಷ್ಟೇ ಹೇಳಿದೆ, ಆದರೆ ಆಲೂಗಡ್ಡೆಯದರಲ್ಲಿ ಅಲ್ಲಲ್ಲಿ ಫಾಸ್ಫೇಟ್ ಗುಂಪುಗಳು ಅಂಟಿಕೊಂಡಿರುತ್ತವೆ. ಅದಕ್ಕೇ ಗಡಸು ನೀರಿನಲ್ಲಿ ಕುದಿಸಿದ ಆಲೂಗಡ್ಡೆ ಪಿಷ್ಟ ಶುದ್ಧ ನೀರಿನಲ್ಲಿ ಉಬ್ಬುವಷ್ಟು ಉಬ್ಬುವುದಿಲ್ಲ.

ಗಟ್ಟಿಯಾಗುವ ಬಗೆ ಬೇರೆ. ಎರಡು ಚಾರ್ಜ್ ಇರುವ ಕ್ಯಾಲ್ಸಿಯಂ ಒಂದು ಸರವನ್ನು ಒಂದು ಕಡೆಯಿಂದ, ಇನ್ನೊಂದು ಸರವನ್ನು ಇನ್ನೊಂದು ಕಡೆಯಿಂದ ಹಿಡಿಯಬಲ್ಲದು. ಅಂದರೆ ಹೊಲಿಗೆ. ಇಂಥ ಸಾವಿರಾರು ಹೊಲಿಗೆ ಬಿದ್ದರೆ ಸರಗಳೆಲ್ಲ ಬಲೆಯಾಗಿ, ನೀರು ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ಅದನ್ನೇ ನಾವು ಜೆಲ್ಲಿ ಅನ್ನುವುದು. ಸೋಡಿಯಂ ಅಯಾನೂ ಕ್ಯಾಲ್ಸಿಯಂ ಅಯಾನೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಆದರೂ ಸೋಡಿಯಂ ಆಲ್ಜಿನೇಟ್ ನೀರಿನಲ್ಲಿ ಕರಗುತ್ತದೆ, ಕ್ಯಾಲ್ಸಿಯಂ ಆಲ್ಜಿನೇಟ್ ಕರಗುವುದಿಲ್ಲ. ಒಂದೇ ಒಂದು ಚಾರ್ಜಿನ ವ್ಯತ್ಯಾಸ ಎಷ್ಟು ದೊಡ್ಡ ಕೆಲಸ ಮಾಡುತ್ತದೆ ನೋಡಿ. ಇಷ್ಟು ವರ್ಷವಾದರೂ ನನಗೆ ಇದು ಬೆರಗು ಹುಟ್ಟಿಸುತ್ತದೆ.

ಆಲ್ಜಿನೇಟ್ ಬರುವುದು ಕಂದು ಬಣ್ಣದ ಕಡಲಕಳೆಯಿಂದ. ಅದರ ಸರದಲ್ಲಿ ಎರಡು ಬಗೆಯ ಮಣಿಗಳಿವೆ: ಮ್ಯಾನುರಾನಿಕ್ ಆಮ್ಲ ಮತ್ತು ಗುಲುರಾನಿಕ್ ಆಮ್ಲ. ಗುಲುರಾನಿಕ್ ಮಣಿಗಳು ಸಾಲಾಗಿ ಬಂದ ಕಡೆ ಸರ ಅಂಕುಡೊಂಕಾಗಿ, ಸಣ್ಣ ಸಣ್ಣ ಗುಳಿಗಳು ಉಂಟಾಗುತ್ತವೆ. ಅಂಥ ಎರಡು ಸರ ಎದುರುಬದುರಾದರೆ ಮೊಟ್ಟೆ ಇಡುವ ಟ್ರೇ ಥರ ಆಗುತ್ತದೆ, ಪ್ರತಿ ಗುಳಿಯಲ್ಲೂ ಒಂದು ಕ್ಯಾಲ್ಸಿಯಂ ಕೂರುತ್ತದೆ. 1973ರಲ್ಲಿ ವಿಜ್ಞಾನಿಗಳು ಈ ಚಿತ್ರ ಕೊಟ್ಟಾಗ ಅದಕ್ಕೆ ಇಟ್ಟ ಹೆಸರೂ ಮೊಟ್ಟೆಪೆಟ್ಟಿಗೆ ಅಂತಲೇ. ಗುಲುರಾನಿಕ್ ಜಾಸ್ತಿ ಇರುವ ಆಲ್ಜಿನೇಟ್ ಗಟ್ಟಿಯಾದ, ಪಟಕ್ಕನೆ ಮುರಿಯುವ ಜೆಲ್ಲಿ ಕೊಡುತ್ತದೆ. ಮ್ಯಾನುರಾನಿಕ್ ಜಾಸ್ತಿ ಇದ್ದರೆ ಮೆತ್ತಗಿನ, ಬಾಗುವ ಜೆಲ್ಲಿ. ಎರಡೂ ಪೊಟ್ಟಣದ ಮೇಲೆ ಸೋಡಿಯಂ ಆಲ್ಜಿನೇಟ್ ಅಂತಲೇ ಬರೆದಿರುತ್ತದೆ, ಅದು ಬೇರೆ ವಿಷಯ.

ನಿಮ್ಮ ಗಂಟುಗಳ ಕಾರಣ ಇಲ್ಲಿದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ. ಪುಡಿಯ ಒಂದು ಕಾಳು ನೀರಿಗೆ ಬಿದ್ದ ಕೂಡಲೇ ಹೊರಮೈ ಒದ್ದೆಯಾಗುತ್ತದೆ. ಅಲ್ಲೇ ಕಾದಿದ್ದ ಕ್ಯಾಲ್ಸಿಯಂ ಆ ಹೊರಮೈಯನ್ನು ಹೊಲಿದುಬಿಡುತ್ತದೆ. ಸುತ್ತ ಸಿಪ್ಪೆ ಬೆಳೆದ ಮೇಲೆ ನೀರು ಒಳಗೆ ಇಳಿಯುವುದು ಕಷ್ಟ. ಮುಂದಿನ ಸಲ ಆ ಗಂಟೊಂದನ್ನು ಬೆರಳಲ್ಲಿ ಹಿಸುಕಿ. ಹೊರಗೆ ಜಾರುವ ಪೊರೆ, ಒಳಗೆ ಒಣ ಪುಡಿ ಹಾಗೇ ಕೂತಿರುತ್ತದೆ. ಎಷ್ಟು ಕಲಕಿದರೂ, ಕುದಿಸಿದರೂ ಅದು ಕರಗುವುದಿಲ್ಲ, ಯಾಕೆಂದರೆ ಕ್ಯಾಲ್ಸಿಯಂ ಆಲ್ಜಿನೇಟ್ ಬಿಸಿಗೆ ಕರಗುವ ಜೆಲ್ಲಿ ಅಲ್ಲ.

ಎಷ್ಟು ಕ್ಯಾಲ್ಸಿಯಂ ಇದ್ದರೆ ತೊಂದರೆ? ನೀರಿನ ಪರೀಕ್ಷೆಯ ವರದಿಯಲ್ಲಿ ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಬರೆದಿರುತ್ತಾರೆ. ಲೀಟರಿಗೆ 180 ಮಿಲಿಗ್ರಾಂ ದಾಟಿದರೆ ತುಂಬಾ ಗಡಸು ಎನ್ನುವುದು ವಾಡಿಕೆ. 300 ಅಂತಿದ್ದರೆ, ಅದೆಲ್ಲವೂ ಕ್ಯಾಲ್ಸಿಯಂನಿಂದಲೇ ಬಂದಿದ್ದರೆ, ನಿಜವಾದ ಕ್ಯಾಲ್ಸಿಯಂ ಲೀಟರಿಗೆ 120 ಮಿಲಿಗ್ರಾಂ ಆಗುತ್ತದೆ. ಆಲ್ಜಿನೇಟ್ ಗಂಟಾಗಲು ಅಷ್ಟು ಧಾರಾಳ ಸಾಕು.

‘ಅದೆಲ್ಲವೂ ಕ್ಯಾಲ್ಸಿಯಂನಿಂದಲೇ ಬಂದಿದ್ದರೆ’ ಅಂತ ಹೇಳಿದ್ದಕ್ಕೆ ಕಾರಣ ಇದೆ. ಗಡಸುತನದಲ್ಲಿ ಮೆಗ್ನೀಸಿಯಂ ಪಾಲೂ ಸೇರಿರುತ್ತದೆ. ಮೆಗ್ನೀಸಿಯಂಗೂ ಎರಡು ಚಾರ್ಜ್ ಇದೆ, ಆದರೂ ಅದು ಆಲ್ಜಿನೇಟನ್ನು ಹಾಗೆ ಹೊಲಿಯುವುದಿಲ್ಲ. ಅದು ಕ್ಯಾಲ್ಸಿಯಂಗಿಂತ ಚಿಕ್ಕದು, ತನ್ನ ಸುತ್ತ ಆರು ನೀರಿನ ಅಣುಗಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಆ ನೀರಿನ ಹೊದಿಕೆ ಕಳಚದೆ ಗುಳಿಯೊಳಗೆ ಕೂರಲು ಆಗುವುದಿಲ್ಲ. ಕ್ಯಾಲ್ಸಿಯಂ ತನ್ನ ನೀರನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಹೀಗಾಗಿ ಗಡಸುತನ 300 ಇರುವ ಎರಡು ನೀರು ಆಲ್ಜಿನೇಟ್ ಮಟ್ಟಿಗೆ ಎರಡು ಬೇರೆ ಬೇರೆ ನೀರು. ವರದಿಯಲ್ಲಿ ಕ್ಯಾಲ್ಸಿಯಂ ಸಾಲನ್ನೇ ಹುಡುಕಿ ಓದಿ.

ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಣ್ಣಿನ ಜೆಲ್ಲಿ ಪ್ರಯೋಗಶಾಲೆಯಲ್ಲಿ ಗಾಜಿನಂತೆ ಬಂತು, ಕಾರ್ಖಾನೆಯಲ್ಲಿ ಮರಳಿನಂತೆ ಬಂತು. ಪುಡಿಯ ಚೀಲ ಮೂರು ಸಲ ಬದಲಾಯಿಸಿದೆವು. ಎರಡು ದಿನ ಹೋಯಿತು. ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರು ಕಾರ್ಖಾನೆಯ ಕೆಟಲಿನೊಳಗೆ ಬೆರಳು ಆಡಿಸಿ, ಬೆರಳಿಗೆ ಅಂಟಿದ, ಗಡಸು ನೀರು ಕುದಿದು ಬಿಟ್ಟ ಬಿಳಿ ಪುಡಿಯನ್ನು ಸುಮ್ನೆ ನನ್ನ ಮುಂದೆ ಹಿಡಿದರು. ಪ್ರಯೋಗಶಾಲೆಯಲ್ಲಿ ನಾವು ಬಳಸುತ್ತಿದ್ದದ್ದು ಬಟ್ಟಿ ಇಳಿಸಿದ ನೀರು. ಆವತ್ತಿನಿಂದ ಯಾರು ಹದದ ತೊಂದರೆ ಹೇಳಿಕೊಂಡು ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ‘ಯಾವ ನೀರು?’ ಅಂತಲೇ.

ಆಲ್ಜಿನೇಟ್‌ಗೆ ಪರಿಹಾರ ನಿಮಗೆ ಆಗಲೇ ಸಿಕ್ಕಿದೆ. ಫಿಲ್ಟರ್ ನೀರಿನಲ್ಲಿ ಮೊದಲು ಪೂರ್ತಿ ನೆನೆಸಿ ಕರಗಿಸಿ, ಕ್ಯಾಲ್ಸಿಯಂ ಆಮೇಲೆ. ಈ ಕ್ರಮ ತಪ್ಪಬಾರದು. ಫಿಲ್ಟರ್ ನೀರು ಇಲ್ಲದ ಕಡೆ ಸೋಡಿಯಂ ಸಿಟ್ರೇಟ್ ಬಳಸಬಹುದು. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಪುಡಿಯ ತಂಟೆಗೆ ಹೋಗದಂತೆ ನೋಡಿಕೊಳ್ಳುತ್ತದೆ. ಮೇಲೆ ಹೇಳಿದ 120 ಮಿಲಿಗ್ರಾಂ ಕ್ಯಾಲ್ಸಿಯಂಗೆ ಲೆಕ್ಕ ಹಾಕಿದರೆ ಲೀಟರಿಗೆ 1 ಗ್ರಾಂ ಆಸುಪಾಸು ಬೇಕಾಗುತ್ತದೆ. ಪುಡಿಗಿಂತ ಮೊದಲು ಸಿಟ್ರೇಟ್ ಹಾಕಿ. ಕೈ ಜಾರಿ ಹೆಚ್ಚಾದರೆ ನೀವು ಆಮೇಲೆ ಬೇಕೆಂದೇ ಹಾಕುವ ಕ್ಯಾಲ್ಸಿಯಂ ಅನ್ನೂ ಅದೇ ನುಂಗುತ್ತದೆ. ನೀರನ್ನು ಕುದಿಸಿ ಆರಿಸಿದರೆ ಬೈಕಾರ್ಬೊನೇಟ್‌ನಿಂದ ಬಂದ ಗಡಸುತನ ತಳ ಸೇರುತ್ತದೆ, ಸಲ್ಫೇಟ್ ಕ್ಲೋರೈಡ್‌ಗಳಿಂದ ಬಂದದ್ದು ಹಾಗೇ ಉಳಿಯುತ್ತದೆ.

ಕ್ಯಾಲ್ಸಿಯಂ ಹೇಗೆ ಕೊಡುತ್ತೀರಿ ಅನ್ನುವುದೂ ಹದವನ್ನು ಬದಲಿಸುತ್ತದೆ. ಕರಗಿದ ಆಲ್ಜಿನೇಟಿನ ಒಂದು ಹನಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಬಿಡಿ. ಕೆಲವೇ ಸೆಕೆಂಡಿನಲ್ಲಿ ಹನಿಯ ಮೇಲೆ ಪೊರೆ ಕಟ್ಟುತ್ತದೆ. ಒಂದು ನಿಮಿಷಕ್ಕೆ ತೆಗೆದು ಒಡೆದರೆ ಒಳಗಿನ ದ್ರವ ಚಿಮ್ಮುತ್ತದೆ. ಹೊತ್ತು ಬಿಟ್ಟು ತೆಗೆದರೆ ನಡುವಿನವರೆಗೂ ಗಟ್ಟಿ. ಕ್ಯಾಲ್ಸಿಯಂ ಹೊರಗಿನಿಂದ ಒಳಗೆ ನಡೆಯುತ್ತಾ ಹೋಗುತ್ತದೆ, ಹೊರಗೆ ತೆಗೆದು ತೊಳೆದ ಮೇಲೂ ಒಳಗಿರುವಷ್ಟು ತನ್ನ ಕೆಲಸ ಮುಂದುವರಿಸುತ್ತದೆ. ತಕ್ಷಣ ಬಡಿಸಬೇಕು ಅನ್ನುವುದು ಅದಕ್ಕೇ.

ಒಳಗೂ ಹೊರಗೂ ಒಂದೇ ಸಮ ಗಟ್ಟಿಯಾಗಬೇಕಿದ್ದರೆ ಕರಗದ ಕ್ಯಾಲ್ಸಿಯಂ ಬಳಸುತ್ತಾರೆ. ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ನೀರಿನಲ್ಲಿ ತೆಪ್ಪಗೆ ತೇಲಾಡಿಕೊಂಡಿರುತ್ತದೆ. ನಿಧಾನವಾಗಿ ಹುಳಿ ಬಿಡುವ ಪದಾರ್ಥ ಸೇರಿಸಿದರೆ ಎಲ್ಲ ಕಡೆಯೂ ಒಟ್ಟಿಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಹಲ್ಲಿನ ಅಚ್ಚು ತೆಗೆಯುವಾಗ ದಂತವೈದ್ಯರು ಬಾಯಿಗೆ ಇಡುವ ಆ ಮೆತ್ತನೆಯ ಮುದ್ದೆ ಇದೆಯಲ್ಲ, ಅದೂ ಆಲ್ಜಿನೇಟೇ. ಅದರಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಜೊತೆ ಸ್ವಲ್ಪ ಸೋಡಿಯಂ ಫಾಸ್ಫೇಟ್ ಇರುತ್ತದೆ. ಮೊದಲು ಹೊರಬಂದ ಕ್ಯಾಲ್ಸಿಯಂ ಫಾಸ್ಫೇಟ್ ಪಾಲಾಗುತ್ತದೆ. ಅದು ಮುಗಿದ ಮೇಲೆ ಆಲ್ಜಿನೇಟಿನ ಸರದಿ. ಆ ಮಧ್ಯದ ಸಮಯದಲ್ಲೇ ವೈದ್ಯರು ಕಲಸಿ ಬಾಯೊಳಗೆ ಇಟ್ಟುಬಿಡಬೇಕು. ಅಡುಗೆಯಲ್ಲೂ ಫಾಸ್ಫೇಟ್ ಅಥವಾ ಸಿಟ್ರೇಟ್ ಇದೇ ಥರ ಸಮಯ ಕೊಡಿಸುತ್ತದೆ.

ಈಗ ನಿಮ್ಮ ಜಾಮ್. ಪೆಕ್ಟಿನ್‌ನಲ್ಲಿ ಎರಡು ಬಗೆ ಇದೆ. ಒಂದರ ಸರದ ಮೇಲಿನ ಆಮ್ಲದ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಿಥೈಲ್ ಗುಂಪಿನಿಂದ ಮುಚ್ಚಿಹೋಗಿರುತ್ತವೆ. ಅದಕ್ಕೆ ಗಟ್ಟಿಯಾಗಲು ತುಂಬಾ ಸಕ್ಕರೆ ಮತ್ತು ಹುಳಿ ಬೇಕು, ಕ್ಯಾಲ್ಸಿಯಂ ಹಂಗಿಲ್ಲ. ಇನ್ನೊಂದರಲ್ಲಿ ಮುಚ್ಚಿರುವುದು ಅರ್ಧಕ್ಕಿಂತ ಕಡಿಮೆ. ಅಲ್ಲಿ ಮೈನಸ್‌ಗಳು ಬಯಲಾಗಿರುತ್ತವೆ, ಹಾಗಾಗಿ ಸಕ್ಕರೆ ಕಡಿಮೆ ಇದ್ದರೂ ಕ್ಯಾಲ್ಸಿಯಂ ಹೊಲಿಗೆಯಿಂದ ಗಟ್ಟಿಯಾಗುತ್ತದೆ. ನೀವು ಬಳಸಿದ್ದು ಇದೇ ಎರಡನೆಯದು. ಇದಕ್ಕೆ ಸಾಮಾನ್ಯವಾಗಿ 1 ಗ್ರಾಂ ಪೆಕ್ಟಿನ್‌ಗೆ 20ರಿಂದ 40 ಮಿಲಿಗ್ರಾಂ ಕ್ಯಾಲ್ಸಿಯಂನಿಂದ ಶುರು ಮಾಡುತ್ತಾರೆ. ಲೀಟರಿಗೆ 8 ಗ್ರಾಂ ಪೆಕ್ಟಿನ್ ಹಾಕಿದರೆ 160ರಿಂದ 320 ಮಿಲಿಗ್ರಾಂ ಆಯಿತು. ನಲ್ಲಿ ನೀರು ಅದರಲ್ಲಿ ದೊಡ್ಡ ಪಾಲನ್ನು ನಿಮಗೆ ಗೊತ್ತಿಲ್ಲದಂತೆ ಕೊಡುತ್ತಿತ್ತು, ಉಳಿದದ್ದು ಹಣ್ಣಿನಿಂದ ಬರುತ್ತಿತ್ತು. ಫಿಲ್ಟರ್ ಆ ಪಾಲನ್ನು ತೆಗೆದುಹಾಕಿತು. ಆಲ್ಜಿನೇಟ್‌ಗೆ ಒಳ್ಳೆಯದಾದ ನೀರೇ ಪೆಕ್ಟಿನ್‌ಗೆ ಕೊರತೆಯಾದದ್ದು ಹೀಗೆ.

ಕೊರತೆಯನ್ನು ಬೇರೆ ಕ್ಯಾಲ್ಸಿಯಂ ಲವಣದಿಂದ ತುಂಬಬಹುದು. ಆದರೆ ಗ್ರಾಂಗೆ ಗ್ರಾಂ ಅದಲುಬದಲು ಮಾಡಬೇಡಿ, ಇಲ್ಲಿ ತುಂಬಾ ಜನ ಎಡವುತ್ತಾರೆ. ಎರಡು ನೀರಿನ ಅಣು ಸೇರಿರುವ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಶೇ. 27ರಷ್ಟು ಕ್ಯಾಲ್ಸಿಯಂ ಇದೆ. ಐದು ನೀರಿನ ಅಣು ಸೇರಿರುವ ಕ್ಯಾಲ್ಸಿಯಂ ಲ್ಯಾಕ್ಟೇಟಿನಲ್ಲಿ ಶೇ. 13. ಗ್ಲುಕೊನೇಟಿನಲ್ಲಿ ಶೇ. 9 ಮಾತ್ರ. ಅಂದರೆ 10 ಗ್ರಾಂ ಕ್ಲೋರೈಡಿನ ಕೆಲಸಕ್ಕೆ ಲ್ಯಾಕ್ಟೇಟ್ 21 ಗ್ರಾಂ ಬೇಕು, ಗ್ಲುಕೊನೇಟ್ 30 ಗ್ರಾಂ ಬೇಕು. ರುಚಿಯ ದೃಷ್ಟಿಯಿಂದ ನನ್ನ ಆಯ್ಕೆ ಲ್ಯಾಕ್ಟೇಟ್. ಕ್ಲೋರೈಡ್ ನಾಲಿಗೆಗೆ ಕಹಿ ಬಡಿಯುತ್ತದೆ.

ಕ್ಯಾಲ್ಸಿಯಂ ನೀರನ್ನು ಜಾಮ್ ಕುದಿಯುತ್ತಿರುವಾಗಲೇ, ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಾ ಹಾಕಿ. ತಣ್ಣಗಾದ ಮೇಲೆ ಒಂದೇ ಸಲ ಸುರಿದರೆ ಬಿದ್ದ ಜಾಗದಲ್ಲೇ ಹೆಪ್ಪುಗಟ್ಟಿ ಕಾಳುಕಾಳಾಗುತ್ತದೆ. ಜಾಸ್ತಿ ಹಾಕಿದರೂ ಕಷ್ಟವೇ. ಹೊಲಿಗೆ ಹೆಚ್ಚಾದಷ್ಟೂ ಬಲೆ ಬಿಗಿಯಾಗಿ ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ಗಟ್ಟಿತನ ಮತ್ತು ನೀರು ಬಿಡುವುದು ಎರಡೂ ಒಟ್ಟಿಗೇ ಏರುತ್ತವೆ.

ನಿಮ್ಮ ಚೀಸಿನಲ್ಲಿ ಆದದ್ದೂ ಇದೇ, ಅಯಾನು ಮಾತ್ರ ಬೇರೆ. ಕ್ಯಾರಗೀನನ್ ಕೆಂಪು ಕಡಲಕಳೆಯಿಂದ ಬರುತ್ತದೆ. ಅದರ ಮೈನಸ್ ಇರುವುದು ಸಲ್ಫೇಟ್ ಗುಂಪಿನಲ್ಲಿ. ಕಪ್ಪಾ, ಅಯೋಟಾ, ಲ್ಯಾಂಬ್ಡಾ ಅಂತ ಮೂರು ಬಗೆ ಮುಖ್ಯ. ಲ್ಯಾಂಬ್ಡಾದಲ್ಲಿ ಸಲ್ಫೇಟ್ ಹೆಚ್ಚು, ಅದು ಮಂದ ಮಾಡುತ್ತದೆಯೇ ಹೊರತು ಹೆಪ್ಪುಗಟ್ಟುವುದಿಲ್ಲ. ಅಯೋಟಾಗೆ ಕ್ಯಾಲ್ಸಿಯಂ ಇಷ್ಟ. ಅದರ ಜೆಲ್ಲಿ ಮೆತ್ತಗೆ ಅಲುಗಾಡುತ್ತದೆ, ಚಮಚ ಹಾಕಿ ಕದಡಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಕೂಡಿಕೊಳ್ಳುತ್ತದೆ. ಕಪ್ಪಾಗೆ ಬೇಕಾದದ್ದು ಪೊಟ್ಯಾಸಿಯಂ. ಒಂದೇ ಚಾರ್ಜ್ ಇದ್ದರೂ ಪೊಟ್ಯಾಸಿಯಂ ಕಪ್ಪಾದ ಸುರುಳಿಗಳ ನಡುವೆ ಸರಿಯಾಗಿ ಹೊಂದಿಕೊಂಡು ಅವುಗಳನ್ನು ಒತ್ತೊತ್ತಾಗಿ ಕಟ್ಟುತ್ತದೆ. ಸೋಡಿಯಂ ಈ ಕೆಲಸದಲ್ಲಿ ತೀರಾ ದುರ್ಬಲ. ಚಾರ್ಜಿನ ಲೆಕ್ಕವೊಂದೇ ಸಾಲದು, ಜಾಗಕ್ಕೆ ಹೊಂದುವುದೂ ಮುಖ್ಯ ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಸೋಡಿಯಂ ಕ್ಲೋರೈಡಿನ ಒಂದು ಭಾಗ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಕಪ್ಪಾ ಜೆಲ್ಲಿಗೆ ಲೀಟರಿಗೆ 1–2 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ ಚೆನ್ನಾಗಿ ಬಿಗಿಯಾಗುತ್ತದೆ. ನೀವು ಬಳಸಿದ ಉಪ್ಪಿನಲ್ಲಿ ಶೇ. 30ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಇತ್ತು ಅಂತಿಟ್ಟುಕೊಳ್ಳಿ. ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ 3 ಗ್ರಾಂ ಸೇರಿತು. ಪೆಡಸಾಗದೆ ಇನ್ನೇನಾಗುತ್ತದೆ? ಆ ಉಪ್ಪನ್ನೇ ಬಳಸಬೇಕು ಅಂತಿದ್ದರೆ ಕಪ್ಪಾ ಪ್ರಮಾಣ ಇಳಿಸಿ, ಸ್ವಲ್ಪ ಅಯೋಟಾ ಸೇರಿಸಿ. ಕ್ಯಾರಬ್ ಮರದ ಬೀಜದಿಂದ ಬರುವ ಲೋಕಸ್ಟ್ ಬೀನ್ ಗಮ್ ಸೇರಿಸಿದರೆ ಇನ್ನೂ ಒಳ್ಳೆಯದು. ಅದಕ್ಕೆ ಚಾರ್ಜ್ ಇಲ್ಲ, ಆದರೆ ಕಪ್ಪಾ ಜೊತೆ ಸೇರಿ ಜೆಲ್ಲಿಗೆ ಬಾಗುವ ಗುಣ ಕೊಡುತ್ತದೆ, ನೀರು ಬಿಡುವುದನ್ನೂ ತಡೆಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮನೆಯಲ್ಲಿದ್ದರೆ ಪೊಟ್ಯಾಸಿಯಂ ಇರುವ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬೇಡಿ. ಇದು ಹದದ ಮಾತಲ್ಲ, ಆದರೂ ಹೇಳದೆ ಇರಲಾರೆ.

ಸಸ್ಯಜನ್ಯ ಹಾಲು ಮಾಡುವವರಿಗೆ ಒಂದು ಮಾತು. ದನದ ಹಾಲಿನಲ್ಲಿ ಲೀಟರಿಗೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಅದರ ಹೆಚ್ಚಿನ ಪಾಲು ಕೇಸಿನ್ ಎಂಬ ಹಾಲಿನ ಪ್ರೊಟೀನಿನ ಕಣಗಳಲ್ಲಿ ಕಟ್ಟಿಹೋಗಿರುತ್ತದೆ, ಬಿಡಿಯಾಗಿ ಓಡಾಡುವುದು ಸ್ವಲ್ಪವೇ. ಅದೇ ಅಂಕಿ ಮುಟ್ಟಬೇಕು ಅಂತ ಸಸ್ಯಜನ್ಯ ಹಾಲಿಗೆ ಕರಗುವ ಕ್ಯಾಲ್ಸಿಯಂ ಸುರಿದರೆ ಎಲ್ಲವೂ ಬಿಡಿಯಾಗಿಯೇ ಇರುತ್ತದೆ. ಆಗ ಗಮ್ಮೂ ಪ್ರೊಟೀನೂ ಒಟ್ಟಿಗೆ ಗಡ್ಡೆ ಕಟ್ಟುತ್ತವೆ. ತಯಾರಕರು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಫಾಸ್ಫೇಟ್ ಬಳಸುವುದು ಅದಕ್ಕೇ. ಕಬ್ಬಿಣದ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಮೂರು ಚಾರ್ಜಿನ ಕಬ್ಬಿಣ ಎರಡು ಚಾರ್ಜಿನದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ, ಬಣ್ಣವನ್ನೂ ಕೆಡಿಸುತ್ತದೆ.

ಕೊನೆಗೆ, ಕೆಟ್ಟುಹೋದದ್ದರಲ್ಲಿ ಏನನ್ನು ಉಳಿಸಿಕೊಳ್ಳಬಹುದು? ತೆಳ್ಳಗೆ ಉಳಿದ ಜಾಮನ್ನು ಮತ್ತೆ ಕುದಿಸಿ, ಲ್ಯಾಕ್ಟೇಟ್ ನೀರನ್ನು ಚಮಚದ ಲೆಕ್ಕದಲ್ಲಿ ಸೇರಿಸುತ್ತಾ, ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಹಾಕಿ ಹದ ನೋಡಿ. ಪೆಡಸಾದ ಚೀಸ್ ಕೂಡ ಬಿಸಿಗೆ ಕರಗುತ್ತದೆ. ಅದನ್ನು ಉಪ್ಪಿಲ್ಲದ ಹೊಸ ಮಿಶ್ರಣದ ಜೊತೆ ಸೇರಿಸಿ ಚೆನ್ನಾಗಿ ಕಾಯಿಸಿ ಮತ್ತೆ ಅಚ್ಚಿಗೆ ಹಾಕಬಹುದು, ಪೊಟ್ಯಾಸಿಯಂ ಹಂಚಿಹೋಗುತ್ತದೆ. ಆಲ್ಜಿನೇಟ್ ಗಂಟುಗಳಿಗೆ ಮಾತ್ರ ಬಿಸಿ ನಾಟುವುದಿಲ್ಲ. ಸಿಟ್ರೇಟ್ ಬೆರೆಸಿ ರಾತ್ರಿಯಿಡೀ ಬಿಟ್ಟರೆ ಕೆಲವು ಬಿಚ್ಚಿಕೊಂಡಾವು, ಉಳಿದವನ್ನು ಸೋಸಿ ತೆಗೆಯಿರಿ. ಆದರೆ ಆ ದ್ರಾವಣದಲ್ಲಿ ಎಷ್ಟು ಪುಡಿ ಉಳಿಯಿತು ಅಂತ ಲೆಕ್ಕ ಸಿಗುವುದಿಲ್ಲ. ನಾನಾದರೆ ಅದನ್ನು ಚೆಲ್ಲಿ, ಫಿಲ್ಟರ್ ನೀರಿನಲ್ಲಿ ಹೊಸದಾಗಿ ಕಲಸುತ್ತೇನೆ.